ಸುಮಾರು 3,600 ಕಸುಬುಗಳ ಪುಸ್ತಕ: ಇಳಕಲ್ಲಿನ ಒಂದು ಜೆರಾಕ್ಸ್ ಅಂಗಡಿಯಿಂದ ವಿಮರ್ಶೆ

ವಿಮರ್ಶೆಗೆ ಇಟ್ಟುಕೊಂಡಿರುವುದು ರಾಷ್ಟ್ರೀಯ ವೃತ್ತಿ ವರ್ಗೀಕರಣ 2015. ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯದ ಪ್ರಕಟಣೆ. ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಮುದ್ರಿಸಿಕೊಂಡರೆ ಕಾಗದ, ಶಾಯಿ, ಸ್ಪೈರಲ್ ಬೈಂಡಿಂಗ್ ಖರ್ಚು ನಮ್ಮದೇ. ನಾನು ಅಂಗಡಿಯ ಯಂತ್ರದಲ್ಲೇ ಮುದ್ರಿಸಿಕೊಂಡವಳು, ಹಾಗಾಗಿ ಬೆಲೆಯ ಬಗ್ಗೆ ದೂರಿಲ್ಲ. ಇದರ ಜೊತೆಗೆ ಜನಗಣತಿಯ ಗಣತಿದಾರರಿಗೆ ಕೊಡುವ ಕೈಪಿಡಿಯನ್ನೂ ತೂಗುತ್ತೇನೆ. ಮನೆ ಬಾಗಿಲಿಗೆ ಬರುವವರು ಕೈಪಿಡಿ ಓದಿಕೊಂಡವರು. ಅವರು ಬರೆದುಕೊಂಡು ಹೋದ ಕಸುಬು ಕೊನೆಗೆ ಸೇರುವುದು ಇಂಥ ಸಂಕೇತಗಳ ಪುಸ್ತಕಕ್ಕೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅಂಕ ಕೊಟ್ಟರೆ ನ್ಯಾಯವಾಗುವುದಿಲ್ಲ. ಪುಸ್ತಕಕ್ಕೆ ಐದರಲ್ಲಿ ನಾಲ್ಕು, ಕೈಪಿಡಿಗೆ ಮೂರೂವರೆ, ನಾವು ಜನ ಕೊಡುವ ಉತ್ತರಗಳಿಗೆ ಒಂದೂವರೆ. ಮೂರನೆಯ ಅಂಕವನ್ನು ಯಾರೂ ಕೇಳಿರಲಿಲ್ಲ, ಆದರೂ ಕೊಟ್ಟಿದ್ದೇನೆ.

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಜೆರಾಕ್ಸ್, ಪ್ರಿಂಟ್, ಲ್ಯಾಮಿನೇಷನ್ ಎಂದು ಬೋರ್ಡಿನಲ್ಲಿ ಬರೆಸಿದ್ದರೂ ದಿನವಿಡೀ ನಡೆಯುವುದು ಅರ್ಜಿ ತುಂಬುವ ಕೆಲಸ. ಹಿಂದಿನ ಪಡಸಾಲೆಯಲ್ಲಿ ಯಜಮಾನರ ಕುಣಿಮಗ್ಗ. ಅರ್ಜಿ ಯಾವುದೇ ಇರಲಿ, ಪಡಿತರ ಚೀಟಿಯದಿರಲಿ, ವಿದ್ಯಾರ್ಥಿವೇತನದ್ದಿರಲಿ, ಬ್ಯಾಂಕ್ ಖಾತೆಯದಿರಲಿ, ಹೆಸರು ವಿಳಾಸ ಮುಗಿದ ಮೇಲೆ ಉದ್ಯೋಗ ಎಂಬ ಅಂಕಣ ಬಂದೇ ಬರುತ್ತದೆ. ಅಲ್ಲಿಯವರೆಗೆ ಪಟಪಟನೆ ಉತ್ತರ ಕೊಟ್ಟವರು ಅಲ್ಲಿ ಕೈ ಝಾಡಿಸಿಬಿಡುತ್ತಾರೆ. "ಏನಾದರೂ ಬರೆಯಿರಿ ಅಕ್ಕಾವರೇ. ಕೂಲಿ ಎಂದು ಬರೆಯಿರಿ." ಗೋಮಿ ದಡಿಯ ಸೀರೆಗೆ ಎಳೆ ಎಣಿಸಿ ಹಾಸು (ಮಗ್ಗದ ಉದ್ದೆಳೆ) ಹೂಡುವವರೂ ಕೂಲಿ, ಗಣಿಯಲ್ಲಿ ಗುಲಾಬಿ ಗ್ರಾನೈಟ್ ಕೊರೆಯುವವರೂ ಕೂಲಿ, ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವವರೂ ಕೂಲಿ. ಕೈಯಲ್ಲಿ ಸ್ವಲ್ಪ ದುಡ್ಡು ಆಡುವವರಾದರೆ ವ್ಯಾಪಾರ. ಹೆಂಗಸರಾದರೆ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದ ಗಂಡಸು ಹೇಳಿಬಿಡುತ್ತಾನೆ: "ಮನೆಯಲ್ಲಿ ಇರುತ್ತಾಳೆ."

2021ರ ಆಗಸ್ಟ್ 26ರಂದು ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ ಇ-ಶ್ರಮ್ ಪೋರ್ಟಲ್ ಆರಂಭವಾಯಿತು. ಅದರಲ್ಲಿ ಕೂಲಿ ಎಂದು ಬರೆದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಸುಮಾರು 400 ಕಸುಬುಗಳ ಪಟ್ಟಿಯಿಂದ ಒಂದನ್ನು ಆರಿಸಬೇಕು. ಪಟ್ಟಿ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಈ ಪುಸ್ತಕ ಸಿಕ್ಕಿತು.

ಇದರ ವಂಶಾವಳಿ ದೊಡ್ಡದು. 1958, 1968, 2004ರ ಆವೃತ್ತಿಗಳ ನಂತರದ್ದು 2015ರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2008ರ ವರ್ಗೀಕರಣವನ್ನು ಬುನಾದಿಯಾಗಿ ಇಟ್ಟುಕೊಂಡು ಅದರ ಮೇಲೆ ನಮ್ಮ ದೇಶದ ಕಸುಬುಗಳನ್ನು ಕೂರಿಸಿದ್ದಾರೆ. ಪ್ರತಿ ಕಸುಬಿಗೂ ಎಂಟು ಅಂಕಿಯ ಸಂಕೇತ. ಮೊದಲ ಅಂಕಿ ದೊಡ್ಡ ವಿಭಾಗದ್ದು: 1 ಅಧಿಕಾರಿಗಳು ಮತ್ತು ವ್ಯವಸ್ಥಾಪಕರು, 2 ತಜ್ಞರು, 3 ತಂತ್ರಜ್ಞರು ಮತ್ತು ಸಹ ತಜ್ಞರು, 4 ಗುಮಾಸ್ತರು, 5 ಸೇವೆ ಮತ್ತು ಮಾರಾಟದವರು, 6 ಕೃಷಿಕರು, 7 ಕುಶಲಕರ್ಮಿಗಳು, 8 ಯಂತ್ರ ನಡೆಸುವವರು, 9 ಸಾಮಾನ್ಯ ದುಡಿಮೆಯವರು. ನಾಲ್ಕು ಅಂಕಿಯವರೆಗೆ ಹೋದರೆ ಅಂತರರಾಷ್ಟ್ರೀಯ ವರ್ಗೀಕರಣದ ಕಸುಬಿನ ಕುಟುಂಬ ಸಿಗುತ್ತದೆ, ಚುಕ್ಕೆಯ ಆಚೆಗಿನ ನಾಲ್ಕು ಅಂಕಿಗಳಲ್ಲಿ ನಿರ್ದಿಷ್ಟ ಕೆಲಸ. ಪ್ರತಿಯೊಂದಕ್ಕೂ ಒಂದು ಸಣ್ಣ ವಿವರಣೆ ಇದೆ: ಈ ಕೆಲಸದವರು ಏನನ್ನು ಹಿಡಿಯುತ್ತಾರೆ, ಏನನ್ನು ಕತ್ತರಿಸುತ್ತಾರೆ, ಯಾವುದನ್ನು ಪರೀಕ್ಷಿಸುತ್ತಾರೆ. ಪದವಿಯನ್ನಲ್ಲ, ಸಂಬಳವನ್ನಲ್ಲ, ಕೈ ಏನು ಮಾಡುತ್ತದೆ ಎಂಬುದನ್ನು ಬರೆದಿರುವುದು ನನಗೆ ಬಹಳ ಹಿಡಿಸಿತು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಸುಮ್ಮನೆ ಯಾವುದೋ ಪುಟ ತೆರೆದು ಓದುತ್ತೇನೆ.

ಎಲ್ಲರೂ ಮಾಡುವಂತೆ ನಾನೂ ಮೊದಲು ನನ್ನನ್ನೇ ಹುಡುಕಿಕೊಂಡೆ. ಅಂಗಡಿ ಇದೆಯೆಂದು 5221ಕ್ಕೆ, ಅಂದರೆ ಅಂಗಡಿಕಾರರ ಗುಂಪಿಗೆ ಹೋದೆ. ನಾನು ಮಾರುವುದು ಏನೂ ಇಲ್ಲ, ಹೆಚ್ಚೆಂದರೆ ಎರಡು ಪೆನ್ನು, ನಾಲ್ಕು ಲಕೋಟೆ. ಕಂಪ್ಯೂಟರ್ ಇದೆಯೆಂದು 4132ಕ್ಕೆ, ದತ್ತಾಂಶ ದಾಖಲಿಸುವವರಲ್ಲಿಗೆ ಹೋದೆ. ಅವರು ಕೊಟ್ಟದ್ದನ್ನು ಟೈಪ್ ಮಾಡುವವರು. ಎದುರಿಗೆ ಕೂತ ಅಜ್ಜಿಯ ಹುಟ್ಟಿದ ವರ್ಷವನ್ನು ಬರಗಾಲದ ಲೆಕ್ಕದಿಂದ ಹೊರಡಿಸುವ ಕೆಲಸ ಅವರದಲ್ಲ. ಪುಟ ತಿರುವುತ್ತಾ 4414 ಸಿಕ್ಕಿತು. ಓದು ಬರಹ ಬಾರದವರ ಪರವಾಗಿ ಪತ್ರ ಬರೆಯುವವರು, ಅರ್ಜಿ ತುಂಬುವವರು. ಜಗತ್ತಿನ ಕಸುಬುಗಳನ್ನೆಲ್ಲ ಹಂಚಿ ಕೂರಿಸಿದ ದೊಡ್ಡ ಮಂದಿ ನನ್ನಂಥವರಿಗೂ ಒಂದು ಪೀಠ ಇಟ್ಟಿದ್ದಾರೆ! ತಹಶೀಲ್ದಾರರ ಕಚೇರಿಯ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಹಿರಿಯರೂ ಇದೇ ಸಾಲಿನವರು. ಪುಸ್ತಕಕ್ಕೆ ಕೊಟ್ಟ ನಾಲ್ಕು ಅಂಕದಲ್ಲಿ ಒಂದು ಇದಕ್ಕಾಗಿಯೇ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಯಜಮಾನರ ಸಂಕೇತ ಹುಡುಕುವುದು ಸುಲಭವಾಯಿತು. ಕೈಮಗ್ಗದ ನೇಕಾರರು 7318ರಲ್ಲಿ, ಜವಳಿ ಮತ್ತು ಚರ್ಮದ ಕರಕುಶಲಕರ್ಮಿಗಳ ಜೊತೆ. ಆದರೆ ರಬಕವಿ-ಬನಹಟ್ಟಿಯಲ್ಲಿರುವ ಅವರ ಸೋದರಮಾವನ ಮಗ ವಿದ್ಯುತ್ ಮಗ್ಗ ನಡೆಸುತ್ತಾರೆ. ಅವರು 8152, ನೇಯ್ಗೆ ಯಂತ್ರ ನಡೆಸುವವರು. ಅಂದರೆ ಒಬ್ಬರು ಏಳನೆಯ ವಿಭಾಗದ ಕುಶಲಕರ್ಮಿ, ಇನ್ನೊಬ್ಬರು ಎಂಟನೆಯ ವಿಭಾಗದ ಯಂತ್ರ ಚಾಲಕ. ಒಂದೇ ವಂಶ, ಒಂದೇ ಜಾತ್ರೆ, ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಊಟ. ನಮ್ಮಲ್ಲಿ ಈ ವಿಷಯಕ್ಕೆ ಒಂದು ಸಂಜೆ ಜೋರು ವಾದವೇ ನಡೆಯಿತು. ಯಜಮಾನರಿಗೆ ಇದು ಸರಿಯೆನಿಸಿತು; ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹಾಸಿನೊಂದಿಗೆ ಕೊಂಡಿ ಹಾಕಿ ಕೂಡಿಸುವ ಟೋಪ್‌ತೆನಿಯನ್ನು ಯಾವ ಮೋಟರ್ ಮಾಡುತ್ತದೆ ಎಂದು ಅವರ ವಾದ. ನೆಂಟರಿಗೆ ಸಿಟ್ಟು ಬಂತು. ಒಂದು ಎಳೆ ಹರಿದರೆ ಸದ್ದಿನಲ್ಲೇ ಗುರುತು ಹಿಡಿಯುವವನು ನಾನು, ನನ್ನನ್ನು ಬರೀ ಗುಂಡಿ ಒತ್ತುವವನನ್ನಾಗಿ ಮಾಡಿದ್ದಾರೆ ಎಂದರು. ಪುಸ್ತಕದ ಪರವಾಗಿ ನಾನು ಹೇಳಿದ್ದು ಇಷ್ಟೇ: ಕೌಶಲದ ಮಟ್ಟದಲ್ಲಿ ಎರಡೂ ವಿಭಾಗಗಳು ಸಮ, ಏಳಕ್ಕಿಂತ ಎಂಟು ಕೀಳಲ್ಲ. ಕೆಳಗಿನ ಮಟ್ಟ ಎಂದು ಎಣಿಸಿರುವುದು ಒಂಬತ್ತನ್ನು ಮಾತ್ರ. ಅವರು ಒಪ್ಪಲಿಲ್ಲ, ಚಹಾ ಮಾತ್ರ ಕುಡಿದರು.

ನನಗೆ ತೊಡಕಾದದ್ದು ಮಗ್ಗದ ಸುತ್ತಲಿನ ಕೆಲಸಗಳಲ್ಲಿ. ಯಂತ್ರದಲ್ಲಿ ನೂಲು ಸುತ್ತುವವರಿಗೆ 8151 ಇದೆ. ನಮ್ಮ ಓಣಿಯಲ್ಲಿ ಕಂಡಿಕೆ (ಲಾಳಿಯೊಳಗೆ ಇಡುವ ನೂಲಿನ ಸುರುಳಿ) ಸುತ್ತುವ ರಾಟೆಗೆ ಈಗ ಕೆಲವರು ಸಣ್ಣ ಮೋಟರ್ ಕಟ್ಟಿಕೊಂಡಿದ್ದಾರೆ. ಕೈಯಲ್ಲಿ ತಿರುಗಿಸಿದರೆ ಏಳು, ಮೋಟರ್ ಹಚ್ಚಿದರೆ ಎಂಟು ಎಂದಾದರೆ, ಕರೆಂಟ್ ಹೋದ ಹೊತ್ತಿನಲ್ಲಿ ಆ ಹುಡುಗಿಯ ವಿಭಾಗ ಬದಲಾಗಬೇಕು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆ ಹೊಸೆದು ಕೆಚ್ಚುವವರಿಗೆ ವಿವರಣೆಯಲ್ಲಿ ತಕ್ಕ ಜಾಗ ಹುಡುಕಲು ಕಣ್ಣು ನೋವು ಬಂತು. ವಿವರಣೆಗಳ ಭಾಷೆ ಗಿರಣಿಯದು, ಮನೆಯದಲ್ಲ. ನನ್ನ ಬಳಿ ಇರುವ ಪ್ರತಿ ಇಂಗ್ಲಿಷಿನದು. ಲಾಳಿ, ಅಚ್ಚು, ಹಣಿಗೆ ಎಂದು ಮಾತನಾಡುವವರನ್ನು ಎದುರಿಗೆ ಕೂರಿಸಿಕೊಂಡು ಆ ಇಂಗ್ಲಿಷಿನೊಳಗೆ ಹುಡುಕುವುದು ದಿನದ ಹೊತ್ತನ್ನೇ ತಿನ್ನುತ್ತದೆ. ಒಂದು ಅಂಕ ಕಡಿಮೆಯಾದದ್ದು ಇಲ್ಲಿ.

ಒಂದು ನಿಯಮವನ್ನು ಮಾತ್ರ ಮೆಚ್ಚಲೇಬೇಕು. ಒಬ್ಬರೇ ತಯಾರಿಸಿ ಮಾರುತ್ತಿದ್ದರೆ ಅವರನ್ನು ಮಾರುವವರೆಂದಲ್ಲ, ತಯಾರಿಸುವವರೆಂದು ಎಣಿಸಬೇಕು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಬೇಕರಿಯವರ ಉದಾಹರಣೆಯೇ ಇದೆ. ನಮ್ಮ ಕಡೆ ಇದು ಎಷ್ಟು ಮನೆಗಳಿಗೆ ಅನ್ವಯಿಸುತ್ತದೆ ನೋಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ ಮಾಡಿ ಮಾರುವ ಹೆಂಗಸರೆಲ್ಲ ಅರ್ಜಿಯಲ್ಲಿ ಕಿರಾಣಿ ವ್ಯಾಪಾರ ಎಂದು ಬರೆಸುತ್ತಿದ್ದರು. ಈಗ ನಾನು ಬರೆಯುವುದಿಲ್ಲ. "ರೊಟ್ಟಿ ಬಡಿಯುವವರು ಯಾರು?" ಎಂದು ಕೇಳುತ್ತೇನೆ.

ಇನ್ನು ಕೈಪಿಡಿ. ಜನಗಣತಿ ಈ ಸಾವಿರಾರು ಕಸುಬುಗಳನ್ನು ಮನೆ ಬಾಗಿಲಲ್ಲಿ ಕೇಳುವುದಿಲ್ಲ. 2011ರ ಕುಟುಂಬ ಪಟ್ಟಿಯಲ್ಲಿ 29 ಪ್ರಶ್ನೆಗಳಿದ್ದವು. ದುಡಿಮೆಯ ವಿಷಯ ಬಂದಾಗ ಮೊದಲು ಕಳೆದ ಒಂದು ವರ್ಷದಲ್ಲಿ ಕೆಲಸ ಮಾಡಿದ್ದೀರಾ, ಆರು ತಿಂಗಳಿಗಿಂತ ಹೆಚ್ಚೋ ಕಡಿಮೆಯೋ ಎಂದು ಕೇಳುತ್ತಾರೆ. ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು. ಆಮೇಲೆ ನಾಲ್ಕು ಬುಟ್ಟಿಗಳು: ಸಾಗುವಳಿದಾರ, ಕೃಷಿ ಕಾರ್ಮಿಕ, ಮನೆ ಕೈಗಾರಿಕೆಯವರು, ಇತರರು. 2011ರಲ್ಲಿ ದೇಶದ ಸುಮಾರು 48 ಕೋಟಿ ದುಡಿಯುವವರಲ್ಲಿ ಸಾಗುವಳಿದಾರರು ಶೇ 24.6, ಕೃಷಿ ಕಾರ್ಮಿಕರು ಶೇ 30, ಮನೆ ಕೈಗಾರಿಕೆಯವರು ಶೇ 3.8, ಉಳಿದ ಶೇ 41.6 ಮಂದಿ ಇತರರು. ಶಿಕ್ಷಕರು, ಲಾರಿ ಚಾಲಕರು, ಗ್ರಾನೈಟ್ ಕೊರೆಯುವವರು, ವೈದ್ಯರು, ನಾನು, ಎಲ್ಲರೂ ಇತರರು. ಮನೆ ಕೈಗಾರಿಕೆಯವರಿಗೆ ಮತ್ತು ಇತರರಿಗೆ ಕಸುಬನ್ನು, ಉದ್ದಿಮೆಯ ಸ್ವರೂಪವನ್ನು ವಿವರಿಸಿ ಬರೆಯಲು ಎರಡು ಬೇರೆ ಬೇರೆ ಜಾಗಗಳು. ನಿಮ್ಮ ಕೈ ಮಾಡುವುದು ಒಂದು, ನೀವು ದುಡಿಯುವ ಜಾಗ ಉತ್ಪಾದಿಸುವುದು ಇನ್ನೊಂದು. ಗ್ರಾನೈಟ್ ಕಾರ್ಖಾನೆಯ ಕಾವಲುಗಾರನ ಕಸುಬು ಕಾವಲು, ಉದ್ದಿಮೆ ಕಲ್ಲು. ಕೂಲಿ, ನೌಕರಿ, ವ್ಯಾಪಾರ ಎಂಬ ಮೊಂಡು ಉತ್ತರಗಳನ್ನು ಒಪ್ಪಿಕೊಳ್ಳಬೇಡಿ ಎಂದು ಕೈಪಿಡಿ ಗಣತಿದಾರರಿಗೆ ತಾಕೀತು ಮಾಡುತ್ತದೆ. ಈ ತಾಕೀತು ಪಾಲನೆಯಾದರೆ ಮಾತ್ರ ಮುಂದೆ ಕೂತು ಸಂಕೇತ ಹಾಕುವವರಿಗೆ ಏನಾದರೂ ಸಿಗುತ್ತದೆ. ಬರೆದದ್ದೇ ಕೂಲಿ ಎಂದಾದರೆ ಮೂರು ಸಾವಿರದ ಆರುನೂರು ಕಸುಬುಗಳಿದ್ದರೂ ಅಷ್ಟೇ, ಮೂವತ್ತಾರಿದ್ದರೂ ಅಷ್ಟೇ.

ಮನೆ ಕೈಗಾರಿಕೆಯ ವ್ಯಾಖ್ಯಾನ ಓದಬೇಕು ನೀವು. ಮನೆಯವರೇ ಹೆಚ್ಚಾಗಿ ದುಡಿಯಬೇಕು, ನೋಂದಾಯಿತ ಕಾರ್ಖಾನೆಯ ಪ್ರಮಾಣದ್ದಾಗಿರಬಾರದು, ಇಲ್ಲಿಯವರೆಗೆ ಸರಿ. ಆಮೇಲೆ ಬರುತ್ತದೆ ಜಾಗದ ಮಾತು: ಹಳ್ಳಿಯಲ್ಲಾದರೆ ಮನೆಯಲ್ಲಿ ಅಥವಾ ಅದೇ ಊರಿನೊಳಗೆ ಎಲ್ಲಿ ನಡೆದರೂ ಆಗುತ್ತದೆ, ಪಟ್ಟಣದಲ್ಲಾದರೆ ವಾಸದ ಮನೆಯ ಆವರಣದೊಳಗೇ ನಡೆಯಬೇಕು. ಇಳಕಲ್ ಪಟ್ಟಣ. ನಮ್ಮ ಮಗ್ಗ ಪಡಸಾಲೆಯಲ್ಲಿದೆ, ಹಾಗಾಗಿ ಯಜಮಾನರು ಮನೆ ಕೈಗಾರಿಕೆಯವರು. ಅವರ ಗೆಳೆಯರೊಬ್ಬರ ಮನೆ ಚಿಕ್ಕದು, ಎರಡು ಓಣಿ ಆಚೆ ಬಾಡಿಗೆಯ ಖೋಲಿಯಲ್ಲಿ ಮಗ್ಗ ಹೂಡಿದ್ದಾರೆ, ಅವರು ಇತರರು. ಅವರೇ ಹುನಗುಂದದ ಕಡೆಯ ತಮ್ಮ ಹಳ್ಳಿಗೆ ಮರಳಿ, ಅಲ್ಲೂ ಎರಡು ಓಣಿ ಆಚೆಯೇ ಮಗ್ಗ ಹೂಡಿದರೆ ಮತ್ತೆ ಮನೆ ಕೈಗಾರಿಕೆಯವರು. ದೇಶದ ಅಂಕಿಸಂಖ್ಯೆಯಲ್ಲಿ ಮನೆ ಕೈಗಾರಿಕೆಯ ಪಾಲು 2001ರಲ್ಲಿ ಶೇ 4.2 ಇದ್ದದ್ದು 2011ರಲ್ಲಿ 3.8ಕ್ಕೆ ಇಳಿಯಿತು ಎಂದು ಓದುವಾಗ, ಅದರಲ್ಲಿ ಮಗ್ಗ ನಿಲ್ಲಿಸಿದವರು ಎಷ್ಟು, ಮಗ್ಗದ ಜಾಗ ಬದಲಿಸಿದವರು ಎಷ್ಟು ಎಂಬ ಯೋಚನೆ ನನಗೆ ಬರುತ್ತದೆ.

ವಕೀಲರು, ವೈದ್ಯರು, ಜ್ಯೋತಿಷಿಗಳು, ಬಟ್ಟೆ ಒಗೆಯುವವರು, ಕ್ಷೌರ ಮಾಡುವವರು ಮನೆಯಲ್ಲೇ ಕೂತು ದುಡಿದರೂ ಅದು ಮನೆ ಕೈಗಾರಿಕೆಯಲ್ಲ. ಬರೀ ಕೊಂಡು ಮಾರುವುದೂ ಅಲ್ಲ. ವಸ್ತುವನ್ನು ತಯಾರಿಸಬೇಕು, ಸಂಸ್ಕರಿಸಬೇಕು, ದುರಸ್ತಿ ಮಾಡಬೇಕು. ನನ್ನ ಅರ್ಜಿ ಬರೆಯುವ ಕೆಲಸ ಆ ಜ್ಯೋತಿಷಿಗಳ ಸಾಲಿನದು ಎಂದೇ ನನ್ನ ಲೆಕ್ಕ. ಹೀಗೆ ಒಂದೇ ಛಾವಣಿಯ ಕೆಳಗೆ, ಒಂದೇ ಕರೆಂಟ್ ಬಿಲ್ಲಿನಲ್ಲಿ, ಹಿಂದಿನ ಕೋಣೆ ಮೂರನೆಯ ಬುಟ್ಟಿಗೆ, ಮುಂದಿನ ಕೋಣೆ ನಾಲ್ಕನೆಯದಕ್ಕೆ. ಇದರಲ್ಲಿ ನನಗೇನೂ ಬೇಸರವಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು, ಎಳೆದಿದ್ದಾರೆ.

ಬೇಸರ ಬರುವುದು ಅಡುಗೆಮನೆಯ ಹೊಸ್ತಿಲಲ್ಲಿ. ನಮ್ಮ ಓಣಿಯ ಒಬ್ಬ ತಾಯಿ ಬೆಳಿಗ್ಗೆ ಖಾನಾವಳಿಗೆ ಹೋಗಿ ರೊಟ್ಟಿ ಬಡಿದರೆ ಇತರ ಕೆಲಸಗಾರ್ತಿ. ಅದೇ ಜೋಳದ ಹಿಟ್ಟನ್ನು ಮನೆಗೆ ತಂದು, ಬಡಿದು, ಒಣಗಿಸಿ, ಮಾರಿದರೆ ಮನೆ ಕೈಗಾರಿಕೆ. ತನ್ನ ಮಕ್ಕಳಿಗೆ ಬಡಿದರೆ ಗೃಹಕೃತ್ಯ, ಅಂದರೆ ಕೆಲಸ ಮಾಡದವರ ಪಟ್ಟಿ. ಎಮ್ಮೆ ಹಿಂಡಿದ ಹಾಲನ್ನು ಮನೆಯವರೇ ಕುಡಿದರೂ ಅದನ್ನು ಕೆಲಸವೆಂದು ಎಣಿಸಬೇಕು ಎಂದು ಅದೇ ಕೈಪಿಡಿ ಹೇಳುತ್ತದೆ. ಮನೆಗಷ್ಟೇ ಬೆಳೆದ ಜೋಳವೂ ಕೆಲಸವೇ. ಜೋಳ ಬೆಳೆದದ್ದು ಕೆಲಸ, ಹಾಲು ಹಿಂಡಿದ್ದು ಕೆಲಸ, ಜೋಳ ಬೀಸಿ ರೊಟ್ಟಿ ಬಡಿದು ಹಾಲಿನ ಜೊತೆ ಬಡಿಸಿದ್ದು ಮಾತ್ರ ಕೆಲಸವಲ್ಲ. ರಾಷ್ಟ್ರೀಯ ಲೆಕ್ಕಪತ್ರಗಳ ನಿಯಮಗಳೇ ಹಾಗಿವೆ, ಸರಕು ಬೇರೆ ಸೇವೆ ಬೇರೆ ಎಂದು ಓದಿದವರು ಸಮಜಾಯಿಷಿ ಕೊಡುತ್ತಾರೆ. ಒಲೆಯ ಮುಂದೆ ಕೂತವರಿಗೆ ಆ ವ್ಯತ್ಯಾಸವನ್ನು ತಿಳಿಸಿ ಹೇಳುವ ಧೈರ್ಯ ನನಗಂತೂ ಇಲ್ಲ.

ಈ ಮಾತು ನ್ಯಾಯಾಲಯಕ್ಕೂ ಹೋಗಿದೆ. 2001ರ ಜನಗಣತಿಯಲ್ಲಿ ಸುಮಾರು 36 ಕೋಟಿ ಗೃಹಿಣಿಯರನ್ನು ಕೆಲಸ ಮಾಡದವರ ಪಟ್ಟಿಯಲ್ಲಿ ಭಿಕ್ಷುಕರು, ಕೈದಿಗಳು ಮೊದಲಾದವರ ಜೊತೆ ಸೇರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. 2021ರ ಇನ್ನೊಂದು ತೀರ್ಪಿನಲ್ಲಿ 2011ರ ಅಂಕಿಯನ್ನೇ ಎತ್ತಿ ಹೇಳಿತು: ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದ ಹೆಂಗಸರು ಸುಮಾರು 15.98 ಕೋಟಿ, ಗಂಡಸರು ಸುಮಾರು 58 ಲಕ್ಷ. ಆ 58 ಲಕ್ಷ ಗಂಡಸರಲ್ಲಿ ಒಬ್ಬರನ್ನಾದರೂ ನೋಡಬೇಕೆಂಬ ಆಸೆ ನನಗಿದೆ. ನಮ್ಮ ಓಣಿಯಲ್ಲಂತೂ ಯಾರೂ ಇಲ್ಲ.

ಹಾಗೆಂದು ಎಲ್ಲ ತಪ್ಪನ್ನು ಕೈಪಿಡಿಯ ತಲೆಗೆ ಕಟ್ಟಲು ನಾನು ಸಿದ್ಧಳಿಲ್ಲ. 2011ರ ಫೆಬ್ರವರಿಯಲ್ಲಿ ನಮ್ಮ ಓಣಿಗೆ ಬಂದವರು ಶಾಲೆಯ ಅಕ್ಕೋರು. ಮಾವನವರು ಕಟ್ಟೆಯ ಮೇಲೆ ಕೂತು ಎಲ್ಲರ ಪರವಾಗಿ ತಾವೇ ಉತ್ತರ ಕೊಡುತ್ತಿದ್ದರು. ಅತ್ತೆಯವರ ಸರದಿ ಬಂದಾಗ "ಆಕೆ ಏನೂ ಮಾಡುವುದಿಲ್ಲ, ಮನೆಯಲ್ಲೇ ಇರುತ್ತಾಳೆ" ಎಂದರು. ಒಳಗೆ ರಾಟೆ ಗಿರಗಿರ ಎನ್ನುತ್ತಿತ್ತು. ಅಕ್ಕೋರು ಬರೆಯಲಿಲ್ಲ.

"ಕಾಕಾ, ಲಾಳಿಗೆ ಕಂಡಿಕೆ ಸುತ್ತುವವರು ಯಾರು?"

"ಆಕೆಯೇ."

"ಹಾಸು ಮುಗಿದಾಗ ಎಳೆ ಕೆಚ್ಚುವವರು?"

"ಆಕೆ. ಸೊಸೆಯೂ ಕೂರುತ್ತಾಳೆ."

"ಎಷ್ಟು ದಿನ ಇರುತ್ತದೆ ಈ ಕೆಲಸ?"

"ಎಷ್ಟು ದಿನ ಎಂದರೇನು? ಮಗ್ಗ ನಡೆದಷ್ಟು ದಿನ."

ಅತ್ತೆಯವರ ಹೆಸರಿನ ಮುಂದೆ ಮುಖ್ಯ ಕೆಲಸಗಾರ್ತಿ, ಮನೆ ಕೈಗಾರಿಕೆ, ಕುಟುಂಬದ ಕೆಲಸಗಾರ್ತಿ ಎಂದು ಬಿತ್ತು. ಸಂಬಳವಿಲ್ಲದೆ ಮನೆಯ ಉದ್ದಿಮೆಯಲ್ಲಿ ದುಡಿಯುವವರಿಗೆ ಆ ಪಟ್ಟಿಯಲ್ಲಿ ಹಾಗೊಂದು ದರ್ಜೆಯಿದೆ. ಮಾವನವರು ಅಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಅಕ್ಕೋರಿಗೆ ಚಹಾ ತರಲು ಹೇಳಿದರು, ಅದನ್ನೂ ಅತ್ತೆಯವರಿಗೇ. ರಾತ್ರಿ ಅತ್ತೆಯವರು ನನ್ನನ್ನು ಕರೆದು ಏನು ಬರೆದುಕೊಂಡು ಹೋದರು ಎಂದು ಕೇಳಿದರು. ಹೇಳಿದೆ. "ಇದಕ್ಕೆ ಪಗಾರ ಏನಾದರೂ ಬರುತ್ತದೆಯೇ?" ಎಂದರು. ಇಲ್ಲ ಎಂದೆ. "ಹಾಗಾದರೆ ಅವರಿಗೆ ಯಾಕೆ ಬೇಕಿತ್ತು?" ಎಂದು ಮಲಗಿದರು.

ಹೆಂಗಸರ ವಿಷಯದಲ್ಲಿ ಹೀಗೆ ಕೆದಕಿ ಕೇಳಬೇಕು ಎಂದು ಕೈಪಿಡಿಯಲ್ಲೇ ಇದೆ. ಕೇಳುವವರಿಗೆ ವ್ಯವಧಾನ ಬೇಕು, ಮಗ್ಗದ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬ ಅರಿವು ಬೇಕು. ಈಚೆಗೆ ಒಂದು ಸಮೀಕ್ಷೆಯವರು ನನ್ನ ಅಂಗಡಿಯಲ್ಲೇ ಕೂತು, ತಮ್ಮದೇ ಕಾಗದಗಳ ಜೆರಾಕ್ಸ್ ನನ್ನಿಂದಲೇ ಮಾಡಿಸಿಕೊಂಡು, ದುಡ್ಡು ಕೊಟ್ಟು, ಮೊಬೈಲ್‌ನಲ್ಲಿ ನನ್ನ ಹೆಸರಿನ ಮುಂದೆ ಗೃಹಿಣಿ ಎಂದು ಒತ್ತಿದರು. ತಿದ್ದಿಸಿದೆ. ಆ ಮಾತು ಬೇರೆ.

ಕೈಮಗ್ಗಕ್ಕೆ ಪ್ರತ್ಯೇಕ ಗಣತಿಯೂ ಇದೆ. 2019–20ರ ನಾಲ್ಕನೆಯ ಕೈಮಗ್ಗ ಗಣತಿಯಲ್ಲಿ ನೇಕಾರರು ಮತ್ತು ಪೂರಕ ಕೆಲಸಗಾರರು ಸೇರಿ 35 ಲಕ್ಷಕ್ಕೂ ಹೆಚ್ಚು ಮಂದಿ, ಅದರಲ್ಲಿ ಪೂರಕ ಕೆಲಸಗಾರರೇ ಸುಮಾರು 8.48 ಲಕ್ಷ, ಒಟ್ಟಾರೆ ಹೆಂಗಸರ ಪಾಲು ಶೇ 72ರ ಮೇಲೆ. ಕಂಡಿಕೆ, ಹಾಸು, ಬಣ್ಣ, ಕೆಚ್ಚು ಎಲ್ಲಕ್ಕೂ ಅಲ್ಲಿ ಜಾಗವಿದೆ. ಮಗ್ಗವನ್ನು ಬಲ್ಲವರು ಪ್ರಶ್ನೆ ಬರೆದರೆ ಹೀಗಾಗುತ್ತದೆ.

ಒಬ್ಬರಿಗೆ ಒಂದೇ ಕಸುಬು ಎಂಬ ಹಟ ಕೈಪಿಡಿಯ ಇನ್ನೊಂದು ದೋಷ. ನಮ್ಮ ಜಿಲ್ಲೆಯಿಂದ, ವಿಜಯಪುರದ ಕಡೆಯಿಂದ ಕಬ್ಬು ಕಡಿಯಲು ಗಂಡ ಹೆಂಡತಿ ಜೋಡಿಯಾಗಿ ಹೋಗುತ್ತಾರೆ. ಚಳಿಗಾಲವಿಡೀ ಕಬ್ಬು, ಬೇಸಿಗೆಯಲ್ಲಿ ಇಟ್ಟಿಗೆ ಭಟ್ಟಿ ಅಥವಾ ಕಟ್ಟಡದ ಕೆಲಸ, ಮಳೆ ಬಿದ್ದರೆ ತಮ್ಮದೇ ಎರಡು ಎಕರೆಯಲ್ಲಿ ತೊಗರಿ. ಗಣತಿ ನಡೆಯುವುದು ಫೆಬ್ರವರಿಯಲ್ಲಿ, ಕಬ್ಬಿನ ಹಂಗಾಮು ಇನ್ನೂ ಇರುವಾಗ. ಹೆಚ್ಚು ಹೊತ್ತು ಯಾವುದರಲ್ಲಿ ಕಳೆಯಿತೋ ಅದು ಕಸುಬು, ಉಳಿದದ್ದಕ್ಕೆ ಜಾಗವಿಲ್ಲ. ಊರಲ್ಲಿ ರೈತ, ಗದ್ದೆಯ ಬದಿಯ ಗುಡಿಸಲಲ್ಲಿ ಕೃಷಿ ಕಾರ್ಮಿಕ, ಭಟ್ಟಿಯಲ್ಲಿ ಇತರ. ಹಳೆಯ ಕಾಲದವರು ಇಷ್ಟು ಜಿಪುಣರಿರಲಿಲ್ಲ. ನಮ್ಮ ಇಳಕಲ್ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಯಲ್ಲಿದ್ದಾಗ, 1911ರ ಗಣತಿಯಲ್ಲಿ ಮುಖ್ಯ ಕಸುಬಿಗೆ ಒಂದು ಅಂಕಣ, ಉಪಕಸುಬಿಗೆ ಇನ್ನೊಂದು, ಅವಲಂಬಿತರಾದರೆ ಅವರನ್ನು ಸಾಕುವವರ ಕಸುಬಿಗೆ ಮತ್ತೊಂದು ಇತ್ತು. ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ಟಿಲೋನ್ ಅವರ ಪದ್ಧತಿಯನ್ನು ತಂದದ್ದೂ ಅದೇ ಸಲ. 1901ರಲ್ಲಿ 520 ಇದ್ದ ಕಸುಬಿನ ಗುಂಪುಗಳು 169ಕ್ಕೆ ಇಳಿದವು. ಪ್ಯಾರಿಸ್ಸಿನವರ ಪಟ್ಟಿಯಲ್ಲಿ ಇಳಕಲ್ಲಿನ ಸೆರಗು ಹುಡುಕುವ ಪಾಡು ಆಗಿನ ಗುಮಾಸ್ತರಿಗೂ ಇತ್ತು ಅನ್ನಿ.

ಈಗ ಮುಂದಿನ ಮಾತು. ಹೊಸ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಎರಡು ಹಂತಗಳು. ಮೊದಲ ಹಂತದ ಮನೆಪಟ್ಟಿಯ 33 ಪ್ರಶ್ನೆಗಳಲ್ಲಿ ಗೋಡೆ, ಛಾವಣಿ, ನೀರು, ಕೊನೆಗೆ ಮುಖ್ಯವಾಗಿ ತಿನ್ನುವ ಧಾನ್ಯ ಯಾವುದು ಎಂಬುದೂ ಇದೆ (ಜೋಳ, ಬರೆದುಕೊಳ್ಳಿ), ಕಸುಬು ಇಲ್ಲ. ಕಸುಬಿನ ಸರದಿ ಜನರನ್ನು ಎಣಿಸುವ ಎರಡನೆಯ ಹಂತದಲ್ಲಿ. ಕಳೆದ ಎರಡು ಗಣತಿಗಳಲ್ಲಿ ಕೈಬರಹದ ಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಅಕ್ಷರ ಗುರುತಿಸಿದ್ದರು. ಈ ಸಲ ಗಣತಿದಾರರ ಕೈಯಲ್ಲಿ ಮೊಬೈಲ್ ಆ್ಯಪ್. ತಾವೇ ವಿವರ ತುಂಬುವ ಅನುಕೂಲವೂ ಇದೆ, ಅಂದರೆ ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ. ಮೊಬೈಲ್ ಪರದೆಯಲ್ಲಿ ಬೆರಳಿಗೆ ಹತ್ತಿರ ಸಿಕ್ಕ ಉತ್ತರವನ್ನು ಒತ್ತುವ ಚಟ ಎಲ್ಲರಿಗೂ ಇದೆ, ನನಗೂ ಇದೆ. ನಮ್ಮ ಉತ್ತರಗಳಿಗೆ ಒಂದೂವರೆ ಅಂಕ ಕೊಟ್ಟದ್ದು ಆ ಭಯದಿಂದ.

ಆದ್ದರಿಂದ ಯಾರಾದರೂ ಕೇಳಲು ಬಂದಾಗ ಒಂದು ಪದದಲ್ಲಿ ಮುಗಿಸಬೇಡಿ. ಏನು ಮಾಡುತ್ತೀರಿ, ಯಾವುದರಿಂದ, ಎಲ್ಲಿ, ಯಾರಿಗಾಗಿ, ಇಷ್ಟನ್ನು ಹೇಳಿ. "ಬೇರೆಯವರ ಗ್ರಾನೈಟ್ ಕಾರ್ಖಾನೆಯಲ್ಲಿ ಯಂತ್ರದಿಂದ ಕಲ್ಲಿಗೆ ಪಾಲಿಶ್ ಮಾಡುತ್ತೇನೆ" ಎಂದರೆ ಎಂಟನೆಯ ವಿಭಾಗದ ಯಂತ್ರ ನಡೆಸುವವರಲ್ಲಿಗೆ ಹೋಗುತ್ತೀರಿ. ಉಳಿ ಸುತ್ತಿಗೆ ಹಿಡಿದು ಕಲ್ಲು ಕೆತ್ತುವವರು 7113. ಗಣಿಯಲ್ಲಿ ಕೊರೆಯುವವರು 8111. ಕೂಲಿ ಎಂದರೆ ಮೂವರೂ ಒಂದೇ ಗೋಣಿಚೀಲಕ್ಕೆ. ಹೊಲವನ್ನು ಪಾಲಿಗೆ ಕೊಟ್ಟು ಕಟ್ಟೆಯ ಮೇಲೆ ಕೂತವರು ರೈತ ಎಂದು ಬರೆಸಿಕೊಳ್ಳುವ ಮೊದಲು ಒಮ್ಮೆ ಯೋಚಿಸಿ. ಮೇಲ್ವಿಚಾರಣೆಯೂ ಇಲ್ಲದಿದ್ದರೆ ಗಣತಿಯ ಲೆಕ್ಕದಲ್ಲಿ ನೀವು ಸಾಗುವಳಿದಾರರಲ್ಲ, ಬಾಡಿಗೆ ಆದಾಯದವರು. ದ್ರಾಕ್ಷಿ, ಲಿಂಬೆ, ದಾಳಿಂಬೆ ತೋಟದವರು ಸಾಗುವಳಿದಾರರೇ, ಸಂಶಯ ಬೇಡ. ತೆಂಗು, ಅಡಿಕೆ, ಕಾಫಿ ಮಾತ್ರ ಬೇರೆ. ಮನೆಯ ಹೆಂಗಸರ ಬಗ್ಗೆ ಕೇಳಿದಾಗ ಅವರನ್ನೇ ಹೊರಗೆ ಕರೆಯಿರಿ, ಅವರೇ ಹೇಳಲಿ.

ಪುಸ್ತಕ ಮುದ್ರಿಸಿಕೊಳ್ಳುವವರಿಗೆ: ಇಡೀ ಪುಸ್ತಕ ಬೇಡ, ಎತ್ತಲು ಆಗುವುದಿಲ್ಲ. ಮೊದಲ ಸಂಪುಟದ ಸಂಕೇತ ಪಟ್ಟಿ ಸಾಕು. ಎರಡನೆಯದು ಎರಡು ಭಾಗಗಳಲ್ಲಿದೆ, ಅದರಲ್ಲಿ ನಮ್ಮ ಕಡೆಯವರಿಗೆ 6ರಿಂದ 9ನೆಯ ವಿಭಾಗಗಳ ವಿವರಣೆ ಇದ್ದರೆ ಕೆಲಸ ನಡೆಯುತ್ತದೆ. ಅಂಗಡಿ ಇಟ್ಟವರು 5ನ್ನೂ ಸೇರಿಸಿಕೊಳ್ಳಿ. ಎರಡೂ ಬದಿಗೆ ಮುದ್ರಿಸಿ, ಅಂಚಿನಲ್ಲಿ ಜಾಗ ಬಿಡಿಸಿ. ನನ್ನ ಪ್ರತಿಯ ಅಂಚುಗಳಲ್ಲಿ ಗಿರಾಕಿಗಳು ಹೇಳಿದ ಕಸುಬಿನ ಹೆಸರುಗಳನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಬೇಕಾದವರು ಬಂದು ಆ ಪುಟಗಳ ಜೆರಾಕ್ಸ್ ಮಾಡಿಸಿಕೊಳ್ಳಬಹುದು. ಭಾನುವಾರ ಅಂಗಡಿ ಅರ್ಧ ದಿನ.